ಫುಡ್ ಬ್ಯಾಂಕಿಗೆ ಜನ ಸೇರಿಸಿದ್ದು

ಅಮೆರಿಕದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸಿಬ್ಬಂದಿ ನೇಮಕಾತಿ ನನ್ನ ಕೆಲಸ. ಪ್ರೊಫೆಸರುಗಳನ್ನು ಆಯಾ ವಿಭಾಗದವರೇ ಆರಿಸಿಕೊಳ್ಳುತ್ತಾರೆ. ನಮ್ಮ ಪಾಲಿಗೆ ಬರುವವರು ಉಳಿದವರು. ಲ್ಯಾಬ್ ಟೆಕ್ನಿಷಿಯನ್, ಅಕೌಂಟೆಂಟ್, ಎಲೆಕ್ಟ್ರಿಷಿಯನ್, ಹಾಸ್ಟೆಲ್ ಅಡುಗೆಯವರು, ಲೈಬ್ರರಿ ಕೌಂಟರಿನವರು, ರಾತ್ರಿ ಕಟ್ಟಡ ಗುಡಿಸಿ ಒರೆಸುವವರು. ವಿಶ್ವವಿದ್ಯಾಲಯ ಅಂದರೆ ಬರೀ ಪಾಠ ಅಂದುಕೊಂಡವರಿಗೆ ಈ ಪಟ್ಟಿ ಎಷ್ಟು ಉದ್ದ ಅಂತ ಗೊತ್ತಿರುವುದಿಲ್ಲ.

ನವೆಂಬರಿನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್. ಅಲ್ಲಿಂದ ಹೊಸ ವರ್ಷದವರೆಗೆ ನೇಮಕಾತಿ ಕುಂಟುತ್ತಲೇ ಸಾಗುತ್ತದೆ. ಸಂದರ್ಶನ ಸಮಿತಿಯಲ್ಲಿ ಒಬ್ಬರು ಇದ್ದರೆ ಇನ್ನೊಬ್ಬರು ಊರಲ್ಲಿ ಇರುವುದಿಲ್ಲ. ಅಭ್ಯರ್ಥಿಗಳೂ ಜನವರಿಗೆ ನೋಡೋಣ ಅನ್ನುತ್ತಾರೆ. ಕೈಯಲ್ಲಿ ಕೆಲಸ ಕಡಿಮೆ ಇರುವುದು ಮೇಲಿನವರ ಕಣ್ಣಿಗೆ ಬಿತ್ತೋ ಏನೋ, ಹಬ್ಬದ ರಜೆಯಲ್ಲಿ ನೌಕರರನ್ನು ಸೇವಾ ಕೆಲಸಕ್ಕೆ ಸೇರಿಸುವ ಜವಾಬ್ದಾರಿ ನಮ್ಮ ಆಫೀಸಿನ ತಲೆಗೆ ಬಂತು.

ಅದಕ್ಕೂ ಮೊದಲು ಅದು ಹೇಗೆ ನಡೆಯುತ್ತಿತ್ತು ಅಂದರೆ, ಎಲ್ಲರಿಗೂ ಒಂದು ಇಮೇಲ್. ಹಬ್ಬದ ಸಮಯ, ಸಮಾಜಕ್ಕೆ ನಮ್ಮಿಂದಾದಷ್ಟು ಮಾಡೋಣ, ಎಲ್ಲರೂ ಬನ್ನಿ. ಕೆಳಗೆ ಒಂದು ಲಿಂಕ್. ಬರುತ್ತಿದ್ದವರು ಪ್ರತಿ ವರ್ಷವೂ ಅದೇ ಮುಖಗಳು. 'ಎಲ್ಲರೂ ಬನ್ನಿ' ಅಂದರೆ ಯಾರನ್ನೂ ಕರೆದ ಹಾಗಲ್ಲ ಅನ್ನುವುದು ನೇಮಕಾತಿ ಮಾಡುವ ಯಾರಿಗಾದರೂ ಗೊತ್ತಿರುತ್ತದೆ. 'ಒಳ್ಳೆಯ ಕೆಲಸಗಾರ ಬೇಕಾಗಿದ್ದಾರೆ' ಎಂದು ಜಾಹೀರಾತು ಕೊಟ್ಟರೆ ಯಾರು ಅರ್ಜಿ ಹಾಕುತ್ತಾರೆ? ಏನು ಕೆಲಸ, ಎಷ್ಟು ಹೊತ್ತು, ಎಲ್ಲಿ, ಮೈಗೆ ಎಷ್ಟು ಶ್ರಮ, ಇಷ್ಟು ಹೇಳಿದರೆ ಮಾತ್ರ 'ಇದು ನನ್ನ ಕೈಲಾಗುತ್ತೆ' ಅಂತ ಒಬ್ಬರಿಗೆ ಅನ್ನಿಸುತ್ತದೆ.

ಹಾಗಾಗಿ ನಾನು ಸೇವೆಗೂ ಉದ್ಯೋಗ ಪ್ರಕಟಣೆಯ ಧಾಟಿಯಲ್ಲೇ ಬರೆದೆ. ದಾನದ ಆಹಾರ ಕೂಡಿಸಿಡುವ ಫುಡ್ ಬ್ಯಾಂಕಿನ ಗೋದಾಮಿನಲ್ಲಿ ಡಬ್ಬಿ ವಿಂಗಡಿಸುವ ಕೆಲಸ. ಶನಿವಾರ ಬೆಳಗ್ಗೆ 9ರಿಂದ 11.30. ನಿಂತೇ ಮಾಡಬೇಕು. 25 ಪೌಂಡ್, ಅಂದರೆ ಸುಮಾರು 11 ಕಿಲೋ ತೂಕದ ಪೆಟ್ಟಿಗೆ ಎತ್ತಬೇಕಾಗಬಹುದು. ಎತ್ತಲಾಗದವರಿಗೆ ಕೂತು ಲೇಬಲ್ ಅಂಟಿಸುವ ಕೆಲಸವಿದೆ. ಗೋದಾಮು ತಣ್ಣಗಿರುತ್ತದೆ, ಸ್ವೆಟರ್ ಹಾಕಿಕೊಂಡು ಬನ್ನಿ. ಚಪ್ಪಲಿ ನಡೆಯಲ್ಲ, ಶೂ ಬೇಕು. ಎಷ್ಟನೇ ನಂಬರ್ ಬಸ್ಸು, ಎಲ್ಲಿ ಇಳಿಯಬೇಕು ಅಂತಲೂ ಹಾಕಿದೆ. ಮೇಲಿನವರೊಬ್ಬರು ಓದಿ, "ಇದರಲ್ಲಿ ಹಬ್ಬದ ಕಳೆಯೇ ಇಲ್ಲವಲ್ಲ" ಅಂದರು. ಇಲ್ಲ ನಿಜ. ಆದರೆ ಕೂತು ಮಾಡುವ ಕೆಲಸವಿದೆ ಅಂತ ಒಂದು ಸಾಲು ಹಾಕಿದ್ದಕ್ಕೆ, ಮಂಡಿ ನೋವಿನ ಮೂವರು ಹಿರಿಯ ಗುಮಾಸ್ತೆಯರು ಮೊದಲ ದಿನವೇ ಹೆಸರು ಕೊಟ್ಟರು. ಇಷ್ಟು ವರ್ಷ ಅವರನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ರಾತ್ರಿ ಪಾಳಿಯವರದು ಬೇರೆಯೇ ಕಥೆ. ಅವರು ಆಫೀಸ್ ಇಮೇಲ್ ನೋಡುವುದು ಅಪರೂಪ. ಬೆಳಗ್ಗೆ 9 ಅಂದರೆ ಅವರಿಗೆ ನಡುರಾತ್ರಿ ಇದ್ದ ಹಾಗೆ. ಹಾಜರಿ ಹಾಕುವ ಯಂತ್ರದ ಪಕ್ಕ ಒಂದು ಹಾಳೆ ಅಂಟಿಸಿದೆವು, ಇಂಗ್ಲಿಷಿನಲ್ಲೂ ಸ್ಪ್ಯಾನಿಷಿನಲ್ಲೂ. ಪಾಳಿ ಶುರುವಾಗುವ ಮೊದಲು, ಸಂಜೆ 4ರಿಂದ 6ರ ಒಂದು ಸಮಯವನ್ನು ಫುಡ್ ಬ್ಯಾಂಕಿನವರ ಹತ್ತಿರ ಕೇಳಿ ಪಡೆದೆವು. ನಮ್ಮಲ್ಲಿ ವರ್ಷಕ್ಕೆ 8 ಗಂಟೆ ಸಂಬಳ ಸಹಿತ ಸೇವಾ ರಜೆ ಇದೆ. ಅದು ತಮಗೂ ಸಿಗುತ್ತದೆ ಅಂತ ಅವರಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ. ಆಫೀಸಿನವರು ಮಾತ್ರ ತೆಗೆದುಕೊಳ್ಳುವ ರಜೆ ಅಂದುಕೊಂಡಿದ್ದರು.

ಇನ್ನು ಕಾನೂನು. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಯಾಕೆಂದರೆ ಒಳ್ಳೆಯ ಮನಸ್ಸಿನವರೇ ಇಲ್ಲಿ ಎಡವುವುದು ಜಾಸ್ತಿ. 1938ರ ಫೇರ್ ಲೇಬರ್ ಸ್ಟ್ಯಾಂಡರ್ಡ್ಸ್ ಆಕ್ಟ್ ಪ್ರಕಾರ ನೌಕರರು ಎರಡು ಬಗೆ. ಒಂದು ಬಗೆಯವರಿಗೆ ಗೊತ್ತಾದ ಸಂಬಳ, ಓವರ್‌ಟೈಮ್ ಇಲ್ಲ. ಇನ್ನೊಂದು ಬಗೆಯವರಿಗೆ ಗಂಟೆ ಲೆಕ್ಕ, ವಾರಕ್ಕೆ 40 ಗಂಟೆ ದಾಟಿದರೆ ಒಂದೂವರೆ ಪಟ್ಟು ಕೂಲಿ. ಗಂಟೆ ಲೆಕ್ಕದವರಿಗೆ ಮೇಲಧಿಕಾರಿ "ಶನಿವಾರ ಫುಡ್ ಬ್ಯಾಂಕಿಗೆ ಹೋಗಿ ಬಾ" ಅಂದರೆ ಅದು ಸೇವೆ ಅಲ್ಲ, ದುಡಿಮೆ. ಕೂಲಿ ಕೊಡಲೇಬೇಕು. ಸ್ವಂತ ಇಷ್ಟದಿಂದ, ಯಾರ ಒತ್ತಾಯವೂ ಇಲ್ಲದೆ ಬಂದರೆ ಮಾತ್ರ ಸೇವೆ. ಅದರ ಮೇಲೆ ಇನ್ನೊಂದು ಷರತ್ತು. ಸರ್ಕಾರಿ ಸಂಸ್ಥೆಯ ನೌಕರರು ಸಂಬಳಕ್ಕೆ ಮಾಡುವ ಕೆಲಸವನ್ನೇ ಅದೇ ಸಂಸ್ಥೆಗೆ ಬಿಟ್ಟಿಯಾಗಿ ಮಾಡುವ ಹಾಗಿಲ್ಲ.

ಒಂದು ವರ್ಷ ಚರ್ಚೆಗೆ ಬಂದ ವಿಷಯ ಇದು. ಚಳಿಗಾಲದ ರಜೆಯಲ್ಲಿ ಊರಿಗೆ ಹೋಗಲಾಗದ ವಿದ್ಯಾರ್ಥಿಗಳು ಕ್ಯಾಂಪಸ್ಸಿನಲ್ಲೇ ಉಳಿಯುತ್ತಾರೆ, ಹೆಚ್ಚಿನವರು ವಿದೇಶದವರು. ಟಿಕೆಟಿಗೆ ದುಡ್ಡು ಹೊಂದಿಸಲಾಗದ ನಮ್ಮ ಹುಡುಗರೂ ಅವರಲ್ಲಿ ಇರುತ್ತಾರೆ. ಅವರಿಗೆ ಕ್ರಿಸ್‌ಮಸ್ ಹಿಂದಿನ ದಿನ ಒಂದು ಊಟ ಹಾಕೋಣ, ಮೆಸ್ಸಿನ ಅಡುಗೆಯವರು ಸೇವೆ ಅಂತ ಬಂದು ಮಾಡಿಕೊಡಲಿ ಎಂದು ಯಾರೋ ಸೂಚಿಸಿದರು. ಸೂಚನೆ ಚೆನ್ನಾಗಿಯೇ ಇತ್ತು. ನಾನು ಬೇಡ ಅಂದೆ. ಅಕೌಂಟೆಂಟ್ ಬಂದು ಸೂಪು ಬಡಿಸಿದರೆ ಅದು ಸೇವೆ. ಅಡುಗೆಯವರು ಬಂದು ಅದೇ ಸೂಪು ಬಡಿಸಿದರೆ ಸಂಬಳ ಕೊಡಬೇಕು. ಮೊದಲು ಎಲ್ಲರೂ ನಕ್ಕರು. ಕೊನೆಗೆ ಇಬ್ಬರು ಅಡುಗೆಯವರಿಗೆ ಓವರ್‌ಟೈಮ್ ಕೊಟ್ಟು ಅಡುಗೆ ಮಾಡಿಸಿದೆವು. ಬಡಿಸುವುದು, ಟೇಬಲ್ ಒರೆಸುವುದು ಅಕೌಂಟ್ಸ್ ಮತ್ತು ಲೈಬ್ರರಿಯವರ ಪಾಲಿಗೆ ಬಂತು. ಅಕೌಂಟ್ಸ್ ವಿಭಾಗದ ಮುಖ್ಯಸ್ಥರು ಸೌಟು ಹಿಡಿದು, ಒಂದು ತಟ್ಟೆಗೂ ಹೆಚ್ಚಿಲ್ಲ ಇನ್ನೊಂದಕ್ಕೂ ಕಡಿಮೆ ಇಲ್ಲ ಅನ್ನುವ ಹಾಗೆ ಅಳೆದು ಬಡಿಸುತ್ತಿದ್ದರು. ಪಕ್ಕದಲ್ಲಿ ನಿಂತಿದ್ದ ಅಡುಗೆಯವರಿಗೆ ಅದನ್ನು ನೋಡಿ ನಗು ತಡೆಯಲಾಗಲಿಲ್ಲ.

ಒತ್ತಾಯದ ಬಗ್ಗೆ ಇನ್ನೊಂದು ಮಾತು. ಒಂದು ವಿಭಾಗದ ಮುಖ್ಯಸ್ಥರು ತಮ್ಮ ಬಾಗಿಲಿಗೆ ಎಲ್ಲರ ಹೆಸರಿನ ಪಟ್ಟಿ ಅಂಟಿಸಿ, ಸೇವೆಗೆ ಒಪ್ಪಿದವರ ಮುಂದೆ ಟಿಕ್ ಹಾಕುತ್ತಿದ್ದರು. ಟಿಕ್ ಇಲ್ಲದವರ ಹೆಸರು ದಿನಾ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಅದನ್ನು ತೆಗೆಸಿದೆವು. ಅಂದಿನಿಂದ ಹೆಸರು ಕೊಡುವುದು ನೇರ ನಮ್ಮ ಆಫೀಸಿಗೆ. ಯಾರು ಬಂದರು, ಯಾರು ಬರಲಿಲ್ಲ ಅಂತ ಮೇಲಧಿಕಾರಿಗಳಿಗೆ ನಾವು ಹೇಳುವುದಿಲ್ಲ. ಕೇಳಿದರೂ ಹೇಳುವುದಿಲ್ಲ. ಇದಾದ ಮೇಲೆ ಬರುವವರು ಕಡಿಮೆ ಆಗುತ್ತಾರೆ ಅಂತ ಕೆಲವರು ಹೆದರಿಸಿದ್ದರು. ಹಾಗೇನೂ ಆಗಲಿಲ್ಲ.

ಫುಡ್ ಬ್ಯಾಂಕ್ ಅಂದರೇನು ಅಂತ ಊರಿಂದ ಅಮ್ಮ ಫೋನಿನಲ್ಲಿ ಕೇಳಿದ್ದರು. ಇದು ಶುರುವಾದದ್ದು 1967ರಲ್ಲಿ, ಅರಿಜೋನಾದ ಫೀನಿಕ್ಸ್ ನಗರದಲ್ಲಿ. ಅಂಗಡಿಗಳು ಬಿಸಾಡುವ, ಆದರೆ ತಿನ್ನಲು ಏನೂ ತೊಂದರೆ ಇಲ್ಲದ ಪದಾರ್ಥಗಳನ್ನು ಒಂದು ಕಡೆ ಕೂಡಿಸಿ ಇಡೋಣ ಅಂತ ಜಾನ್ ವ್ಯಾನ್ ಹೆಂಗಲ್ ಎಂಬವರು ಸೇಂಟ್ ಮೇರೀಸ್ ಫುಡ್ ಬ್ಯಾಂಕ್ ಆರಂಭಿಸಿದರು. ಈಗ ಫೀಡಿಂಗ್ ಅಮೆರಿಕ ಜಾಲದಲ್ಲೇ ಸುಮಾರು 200 ಫುಡ್ ಬ್ಯಾಂಕುಗಳಿವೆ. ಬ್ಯಾಂಕ್ ಅಂದರೆ ದೊಡ್ಡ ಗೋದಾಮು. ಅಲ್ಲಿಂದ ಚರ್ಚು, ಶಾಲೆ, ಕಾಲೇಜುಗಳ ಪ್ಯಾಂಟ್ರಿಗಳಿಗೆ, ಅಂದರೆ ಹಂಚುವ ಜಾಗಗಳಿಗೆ, ಸಾಮಾನು ಹೋಗುತ್ತದೆ. ಮನೆಯವರ ಕೈಗೆ ಸಿಗುವುದು ಅಲ್ಲಿ. ಸುಮಾರು 1.2 ಪೌಂಡಿಗೆ ಒಂದು ಊಟ ಅಂತ ಲೆಕ್ಕ ಹಿಡಿಯುತ್ತಾರೆ.

ವಿಂಗಡಿಸುವ ಕೆಲಸ ನೋಡಲು ಸುಲಭ, ಮಾಡಲು ಗಮನ ಬೇಕು. ಬಾಳೆಹಣ್ಣು ಬಂದಿದ್ದ ಖಾಲಿ ರಟ್ಟಿನ ಪೆಟ್ಟಿಗೆಗಳಲ್ಲಿ ದಾನದ ಸಾಮಾನು ತುಂಬಿರುತ್ತದೆ. ನಮ್ಮ ಎಲೆಕ್ಟ್ರಿಷಿಯನ್ ಒಬ್ಬರು ಡಬ್ಬಿ ಎತ್ತಿದವರೇ ಕಣ್ಣಿಗಿಂತ ಮೊದಲು ಹೆಬ್ಬೆರಳಿಂದ ಅದರ ಅಂಚನ್ನು ಸುತ್ತಲೂ ಸವರುತ್ತಿದ್ದರು. ಡಬ್ಬಿಯ ಹೊಟ್ಟೆ ಸ್ವಲ್ಪ ತಗ್ಗಾಗಿದ್ದರೆ ಪರವಾಗಿಲ್ಲ. ಮೇಲೆ ಕೆಳಗೆ ಮಡಚಿ ಬಿಗಿದ ಅಂಚು ನಜ್ಜಾಗಿದ್ದರೆ ಗಾಳಿ ಒಳಗೆ ಹೋಗಿರಬಹುದು, ಕಸಕ್ಕೆ. ಡಬ್ಬಿ ಉಬ್ಬಿದ್ದರಂತೂ ತೆರೆದು ನೋಡುವ ಮಾತೇ ಇಲ್ಲ. ತುಕ್ಕು ಬೆರಳಿಗೆ ಒರೆಸಿ ಹೋದರೆ ಇಟ್ಟುಕೊಳ್ಳಬಹುದು, ಹೋಗದಿದ್ದರೆ ಬೇಡ. ದಿನಾಂಕದ ವಿಷಯದಲ್ಲಿ ಹೊಸಬರು ಗಲಿಬಿಲಿ ಆಗುತ್ತಾರೆ. 'ಬೆಸ್ಟ್ ಬೈ' ಅಂತ ಇರುವ ದಿನ ದಾಟಿತು ಅಂದರೆ ರುಚಿ ಸ್ವಲ್ಪ ಕಡಿಮೆ ಆಗಿರಬಹುದು, ಕೆಟ್ಟಿದೆ ಅಂತಲ್ಲ. ಒಂದೇ ಒಂದು ಪದಾರ್ಥಕ್ಕೆ ಈ ಸಡಿಲ ಇಲ್ಲ, ಹಸುಗೂಸಿನ ಹಾಲಿನ ಪುಡಿ. ಅದರ ದಿನ ಮುಗಿದಿದ್ದರೆ ಹೊರಗೆ.

ಅಕ್ಕಿಯನ್ನು ದೊಡ್ಡ ಚೀಲದಿಂದ ಎರಡು ಪೌಂಡಿನ ಪೊಟ್ಟಣಗಳಿಗೆ ತುಂಬುವ ದಿನ ನಮ್ಮ ಕಡೆಯವರು ಜಾಸ್ತಿ ಬರುತ್ತಾರೆ. ಯಾಕೋ ಗೊತ್ತಿಲ್ಲ. ತಲೆಗೆ ಜಾಲರಿ ಟೋಪಿ, ಕೈಗೆ ಗ್ಲೌಸ್ ಹಾಕಿಕೊಂಡು ಕನ್ನಡದಲ್ಲಿ ಹರಟುತ್ತಾ ಕೆಲಸ ಸರಸರ ಮುಗಿಸುತ್ತಾರೆ.

ನಮ್ಮವರಿಗೆ ಇರುವ ಭಯ ಬೇರೆ. ಐಟಿ ವಿಭಾಗದ ಒಬ್ಬ ಹುಡುಗ ಮೆಲ್ಲಗೆ ಬಂದು ಕೇಳಿದ. "ಅಕ್ಕ, ನಾನು ಎಚ್-1ಬಿ ಮೇಲಿದ್ದೀನಿ. ಬೇರೆ ಕಡೆ ಕೆಲಸ ಮಾಡೋ ಹಾಗಿಲ್ಲ ಅಲ್ವಾ? ಇದಕ್ಕೆ ಬಂದ್ರೆ ವೀಸಾಗೆ ಏನಾದ್ರೂ ಆಗುತ್ತಾ?"

"ದುಡ್ಡು ಇಲ್ಲ, ದುಡ್ಡಿನ ಬದಲು ಬೇರೆ ಏನೂ ಇಲ್ಲ, ಯಾರಿಗೋ ಸಂಬಳ ಕೊಟ್ಟು ಮಾಡಿಸೋ ಕೆಲಸವೂ ಅಲ್ಲ. ಅಂಥದ್ದಕ್ಕೆ ತೊಂದ್ರೆ ಇಲ್ಲಪ್ಪ. ಆದ್ರೂ ನನ್ನ ಮಾತು ನಂಬಬೇಡ, ವೀಸಾ ನೋಡೋ ಆಫೀಸಿಗೆ ಒಂದು ಇಮೇಲ್ ಹಾಕಿ ಉತ್ತರ ಇಟ್ಕೋ" ಅಂದೆ.

ಎಚ್-1ಬಿಯವರ ಮನೆಯವರಿಗೆ ಕೊಡುವ ಎಚ್-4 ವೀಸಾ ಮೇಲೆ ಬಂದ ಹೆಂಡತಿಯರ ವಿಷಯದಲ್ಲಿ ನನಗೆ ಹೆಚ್ಚು ಕಾಳಜಿ. ಓದಿದವರು, ಊರಲ್ಲಿ ಕೆಲಸ ಮಾಡಿದವರು. ಇಲ್ಲಿ ಬಂದು ಮನೆಯಲ್ಲಿ ಕೂತಿರುತ್ತಾರೆ. 2015ರಿಂದ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಅವರೂ ಕೆಲಸದ ಪರವಾನಗಿ ಕೇಳಬಹುದು. ಆದರೆ ಅಲ್ಲಿಗೆ ಬರುವಷ್ಟರಲ್ಲಿ ರೆಸ್ಯೂಮೆಯಲ್ಲಿ ವರ್ಷಗಟ್ಟಲೆ ಖಾಲಿ. ಹಾಸನದ ಕಡೆಯ, ಎಂ.ಕಾಂ. ಮಾಡಿದ ಒಬ್ಬರು ಫುಡ್ ಬ್ಯಾಂಕಿನಲ್ಲಿ ಅಕ್ಕಿ ತುಂಬಲು ಬಂದವರು ಬರಬರುತ್ತಾ ತಂಡದ ಮೇಲ್ವಿಚಾರಣೆಗೆ ನಿಂತರು. ಹೊಸಬರಿಗೆ ಕೆಲಸ ಹೇಳಿಕೊಡುವುದು, ಬಂದದ್ದನ್ನು ಬರೆದುಕೊಳ್ಳುವುದು. ಅಲ್ಲಿನ ಲೆಕ್ಕಪತ್ರವನ್ನೂ ನೋಡಿಕೊಳ್ಳಲೇ ಅಂತ ಕೇಳಿದರು. ಬೇಡ ಅಂದೆ. ಅದು ಸಂಬಳ ಕೊಟ್ಟು ಇಟ್ಟಿರುವ ಕೆಲಸ, ಬಿಟ್ಟಿ ಮಾಡಿದರೆ ವೀಸಾಗೇ ತಕರಾರು. ಪರವಾನಗಿ ಬಂದ ಮೇಲೆ ಅವರು ನಮ್ಮಲ್ಲೇ ಒಂದು ಹುದ್ದೆಗೆ ಅರ್ಜಿ ಹಾಕಿದರು. ಅನುಭವದ ಲೆಕ್ಕದಲ್ಲಿ ಸೇವೆಯನ್ನೂ ಹಿಡಿಯುವ ಪದ್ಧತಿ ನಮ್ಮಲ್ಲಿದೆ. ಪರಿಚಯ ಇದ್ದ ಕಾರಣ ಆ ಆಯ್ಕೆಯಿಂದ ನಾನು ದೂರ ಉಳಿದೆ. ಕೆಲಸ ಸಿಕ್ಕಿತು.

ಕಟ್ಟಡದ ಹಜಾರದಲ್ಲಿ ಏಂಜಲ್ ಟ್ರೀ ಕೂಡ ಇಡುತ್ತೇವೆ. ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾ ಸಂಸ್ಥೆಯವರು 1979ರಲ್ಲಿ ವರ್ಜೀನಿಯಾದ ಲಿಂಚ್‌ಬರ್ಗ್‌ನಲ್ಲಿ ಶುರು ಮಾಡಿದ್ದು. ಮರಕ್ಕೆ ಚೀಟಿ ಕಟ್ಟಿರುತ್ತಾರೆ. ಬಡ ಮನೆಯ ಒಂದು ಮಗುವಿನ ವಯಸ್ಸು, ಕೋಟಿನ ಸೈಜು, ಶೂ ಸೈಜು, ಏನು ಆಸೆ. ಒಂದು ಚೀಟಿ ತೆಗೆದುಕೊಂಡು ಹೋಗಿ ಅದರಲ್ಲಿರುವುದನ್ನು ಕೊಂಡು ತಂದುಕೊಡುವುದು. ಇದಕ್ಕೆ ಜನ ಸೇರಿಸುವ ಕಷ್ಟ ಇಲ್ಲ. ಆದರೆ ಎಲ್ಲರೂ ಮೂರು ವರ್ಷದ, ನಾಲ್ಕು ವರ್ಷದ ಮಕ್ಕಳ ಚೀಟಿ ಕೀಳುತ್ತಾರೆ. ಬೊಂಬೆ ಕೊಳ್ಳುವುದು ಖುಷಿ ಅಲ್ವಾ. 11, 12 ವರ್ಷದ ಹುಡುಗರ ಚೀಟಿ ಕೊನೆವರೆಗೂ ನೇತಾಡುತ್ತಿರುತ್ತದೆ. ಅದಕ್ಕೆ ಮೊದಲ ವಾರ ದೊಡ್ಡ ಮಕ್ಕಳ ಚೀಟಿಗಳನ್ನು ಮಾತ್ರ ಕಟ್ಟುತ್ತೇವೆ. ಚಿಕ್ಕವರದ್ದು ಎರಡನೇ ವಾರ.

ಈ ಇಡೀ ವ್ಯವಹಾರದಲ್ಲಿ ನನಗೆ ತಲೆನೋವಾಗಿದ್ದು ಜನವರಿ. ಜಾತ್ರೆಯ ದಿನ ತೇರು ಎಳೆಯಲು ನೂರು ಕೈ, ಮಾರನೇ ದಿನ ಬೀದಿ ಗುಡಿಸಲು ಒಬ್ಬರೂ ಇಲ್ಲ, ಹಾಗೆ. ನವೆಂಬರ್ ಅರ್ಧಕ್ಕೇ ಡಿಸೆಂಬರಿನ ಎಲ್ಲ ಸಮಯಗಳೂ ಭರ್ತಿ. ಜನವರಿ ಬಂತು ಅಂದರೆ ಗೋದಾಮಿನಲ್ಲಿ ರಜೆಯಲ್ಲಿ ಬಂದ ದಾನದ ಪೆಟ್ಟಿಗೆಗಳು ಹಾಗೇ ಇವೆ, ವಿಂಗಡಿಸಲು ಕೈಗಳಿಲ್ಲ. ಜನರಿಗೆ ಹೀಟಿಂಗ್ ಬಿಲ್ ಕಟ್ಟಬೇಕಾದ ತಿಂಗಳೂ ಅದೇ. ಹಾಗಾಗಿ ಡಿಸೆಂಬರ್ ತುಂಬಿದ ಕೂಡಲೇ ನಮ್ಮ ಪಟ್ಟಿ 'ಜಾಗ ಇಲ್ಲ' ಅನ್ನುವುದಿಲ್ಲ. ನೇರ ಜನವರಿ, ಫೆಬ್ರವರಿಯ ದಿನಗಳನ್ನು ತೋರಿಸುತ್ತದೆ. ಜನವರಿಯ ಮೂರನೇ ಸೋಮವಾರ ಮಾರ್ಟಿನ್ ಲೂಥರ್ ಕಿಂಗ್ ದಿನ. 1994ರ ಕಾನೂನಿನ ಪ್ರಕಾರ ಅದು ಸೇವೆಯ ದಿನವೂ ಹೌದು, ಆಫೀಸಿಗೆ ಹೇಗೂ ರಜೆ. ದೊಡ್ಡ ತಂಡಗಳನ್ನು ಅತ್ತ ತಿರುಗಿಸಿದೆವು. ಕೆಲವರು ಕ್ರಿಸ್‌ಮಸ್ ಮುಗಿದ ಮೇಲೆ ಏನು ಮಜಾ ಅಂತ ಮುಖ ಸಿಂಡರಿಸಿದರು. ಹೆಸರು ಹಿಡಿದು, ಒಬ್ಬೊಬ್ಬರಿಗೇ ಕರೆ ಮಾಡಿ, 'ನಿಮ್ಮ ಕೈಲಾಗುವ ಇಂಥ ಕೆಲಸ ಇದೆ' ಅಂದಾಗ ಹೆಚ್ಚಿನವರು ಒಪ್ಪಿದರು.

ಈ ವರ್ಷ ಮೇಲಿನಿಂದ ಇನ್ನೊಂದು ಸಲಹೆ ಬಂದಿದೆ. ಜನವರಿಯಲ್ಲಿ ಸೇರುವ ಹೊಸ ನೌಕರರು ಜಾಸ್ತಿ, ಓರಿಯಂಟೇಶನ್ ದಿನವೇ ಅವರಿಂದ ಸೇವೆಗೆ ಹೆಸರು ಬರೆಸಿಕೊಂಡರೆ ಹೇಗೆ ಅಂತ. ನಾನು ಒಪ್ಪಲಿಲ್ಲ. ಆ ದಿನ ಅವರ ಮುಂದೆ ಇಲ್ಲಿ ಕೆಲಸ ಮಾಡುವ ಅರ್ಹತೆ ತೋರಿಸುವ ಐ-9 ಫಾರಂ, ತೆರಿಗೆ ಫಾರಂ, ವಿಮೆಯ ಫಾರಂ ಒಂದರ ಮೇಲೊಂದು ಇಡುತ್ತೇವೆ. ಅದರ ನಡುವೆ ಇನ್ನೊಂದು ಹಾಳೆ ಇಟ್ಟರೆ ಅದೂ ಕೆಲಸದ ಷರತ್ತೇ ಇರಬೇಕು ಅಂತ ಸಹಿ ಹಾಕಿಬಿಡುತ್ತಾರೆ. ಪ್ರೊಬೇಷನ್ ಮುಗಿಯಲಿ, ಆಮೇಲೆ ಕೇಳೋಣ ಅಂದಿದ್ದೇನೆ.