ಬಿಸಿಲು, ಝಳ, ಸೆಕೆ, ಕಾವು: ಬೆಂಗಳೂರಿನ ಬೇಸಿಗೆ ಕಳೆಯುವುದು ಹೇಗೆ?

ನಮ್ಮ ಬೀದಿಯ ತುದಿಯಲ್ಲಿ ಇಸ್ತ್ರಿ ಗಾಡಿ ಇಟ್ಟುಕೊಂಡಿರುವವರು ರಾಯಚೂರು ಕಡೆಯವರು. ಏಪ್ರಿಲ್‌ನ ಒಂದು ಮಧ್ಯಾಹ್ನ ಬಟ್ಟೆ ಕೊಡಲು ಹೋದವಳು "ಏನ್ ಬಿಸಿಲಪ್ಪಾ" ಅಂದೆ. ಕೆಂಡ ತುಂಬಿದ ಪೆಟ್ಟಿಗೆ ಕೈಯಲ್ಲಿ ಹಿಡಿದುಕೊಂಡೇ ಅವರು, "ಇದೇನ್ ಬಿಸಿಲ್ರೀ ಅಕ್ಕಾರ, ನಮ್ಮೂರಾಗ ಈ ಹೊತ್ತಿಗೆ ನಾಯಿ ಸೈತ ಹೊರಗ ಬರಂಗಿಲ್ಲ" ಅಂದರು. ಅದೇ ವಾರ ಕೆಳಗಿನ ಮನೆಯ ಮಂಗಳೂರಿನ ಆಂಟಿ, "ಇಲ್ಲಿ ಸೆಕೆಯೇ ಇಲ್ಲ ಮಾರಾಯ್ರೆ, ಬೆವರೇ ಬರುವುದಿಲ್ಲ" ಅಂತ ಸಮಾಧಾನದಿಂದ ಹೇಳಿದರು. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ನಾನು ಮಾತ್ರ ರಾತ್ರಿ ಹನ್ನೊಂದಾದರೂ ನಿದ್ದೆ ಬಾರದೆ ಹಾಸಿಗೆಯಲ್ಲಿ ಹೊರಳಾಡುತ್ತಿದ್ದೆ.

ಮೂವರೂ ಹೇಳುತ್ತಿದ್ದದ್ದು ನಿಜವೇ. ಆದರೆ ಮೂವರೂ ಬೇರೆ ಬೇರೆ ಬಿಸಿಯ ಬಗ್ಗೆ ಮಾತಾಡುತ್ತಿದ್ದೆವು. ಇದು ಗೊತ್ತಾದ ಮೇಲೆ ನನ್ನ ಬೇಸಿಗೆ ತುಂಬಾ ಸುಲಭವಾಯಿತು. ಅದಕ್ಕೇ ಇದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಮೊದಲು, ನಿಮ್ಮನ್ನು ಕಾಡುತ್ತಿರುವುದು ಯಾವ ಬಿಸಿ ಅಂತ ಗುರುತಿಸಿ

ನಮ್ಮ ಭಾಷೆಯಲ್ಲಿ ಇದಕ್ಕೆ ಬೇರೆ ಬೇರೆ ಪದಗಳೇ ಇವೆ, ಅಲ್ವಾ? ನೆತ್ತಿ ಸುಡುವುದು ಬಿಸಿಲು. ಒಣ ಗಾಳಿ ಮುಖಕ್ಕೆ ರಾಚಿದರೆ ಅದು ಝಳ. ಮೈ ಅಂಟಂಟಾಗಿ ಬೆವರು ಆರದೇ ಇದ್ದರೆ ಸೆಕೆ. ಸೂರ್ಯ ಮುಳುಗಿದ ಮೇಲೂ ಗೋಡೆಯಿಂದ, ಚಾವಣಿಯಿಂದ ಬರುತ್ತಲೇ ಇರುವುದು ಕಾವು. ಮದ್ದೂ ಒಂದೊಂದಕ್ಕೆ ಒಂದೊಂದು. ಬಿಸಿಲಿಗೆ ನೆರಳು ಬೇಕು. ಝಳಕ್ಕೆ ಮುಚ್ಚಿದ ಕಿಟಕಿ ಮತ್ತು ನೀರು. ಸೆಕೆಗೆ ಗಾಳಿ. ಕಾವಿಗೆ ರಾತ್ರಿಯ ತಂಪು. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟರೆ ಕೆಲಸ ಮಾಡುವುದಿಲ್ಲ, ಕೆಲವು ಸಲ ಜಾಸ್ತಿಯೇ ಆಗುತ್ತದೆ.

ನನಗೆ ಇದು ಅರ್ಥವಾಗಿದ್ದು ಮಂಗಳೂರಿನ ಒಂದು ಮದುವೆಯಲ್ಲಿ. ಅಲ್ಲಿ ಅಂದು ಬರೀ 34 ಡಿಗ್ರಿ. ಆದರೂ ರೇಷ್ಮೆ ಸೀರೆ ಉಟ್ಟ ಅರ್ಧ ಗಂಟೆಯಲ್ಲಿ ಬೆನ್ನೆಲ್ಲ ಒದ್ದೆ, ಫ್ಯಾನ್ ಕೆಳಗಿಂದ ಏಳಲು ಮನಸ್ಸೇ ಬರಲಿಲ್ಲ. ಅದಕ್ಕೆ ಮುಂಚೆ ಒಮ್ಮೆ ಕಲಬುರಗಿಯಲ್ಲಿ 41 ಡಿಗ್ರಿಯಲ್ಲಿ ಓಡಾಡಿದಾಗ ಮೈ ಇಷ್ಟು ಸೋತಿರಲಿಲ್ಲ. ಬೆವರು ಬಂದ ಮಾತ್ರಕ್ಕೆ ಮೈ ತಣ್ಣಗಾಗುವುದಿಲ್ಲ, ಅದು ಆರಬೇಕು. ಆರುವಾಗ ಮೈಯ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ಕರಾವಳಿಯ ಗಾಳಿಯಲ್ಲಿ ಮೊದಲೇ ನೀರಿನ ಪಸೆ ತುಂಬಿರುವುದರಿಂದ ಬೆವರು ಆರುವುದಿಲ್ಲ, ಸುಮ್ನೆ ಇಳಿದು ಹೋಗುತ್ತದೆ. ಕಲಬುರಗಿಯಲ್ಲಿ ಬೆವರಿದ್ದು ನಮಗೆ ಕಾಣುವ ಮೊದಲೇ ಆರಿರುತ್ತದೆ. ಹಾಗಾಗಿ ಅಲ್ಲಿ ಬೆವರುತ್ತಿಲ್ಲ ಅಂದುಕೊಂಡು ನೀರು ಕುಡಿಯದೇ ಇರುವುದೇ ಅಪಾಯ.

ಬೆಂಗಳೂರಿನ ಕಷ್ಟ ಬಹುಪಾಲು ಬಿಸಿಲು ಮತ್ತು ಕಾವಿನದು. ಊರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಏಪ್ರಿಲ್‌ನಲ್ಲಿ ಹಗಲು 34ರ ಆಸುಪಾಸು ಇದ್ದರೂ ಬೆಳಗಿನ ಜಾವಕ್ಕೆ 22ರ ಹತ್ತಿರ ಇಳಿಯುತ್ತದೆ. ಈ 12 ಡಿಗ್ರಿ ವ್ಯತ್ಯಾಸವೇ ನಮ್ಮ ಆಸ್ತಿ. ಕಲಬುರಗಿಯವರಿಗೆ, ಮಂಗಳೂರಿನವರಿಗೆ ಇಷ್ಟು ತಂಪಾದ ರಾತ್ರಿ ಬೇಸಿಗೆಯಲ್ಲಿ ಸಿಗುವುದಿಲ್ಲ. ನಮಗೆ ಸಿಗುತ್ತದೆ, ಆದರೆ ನಾವು ಅದನ್ನು ಮನೆಯೊಳಗೆ ಬಿಟ್ಟುಕೊಳ್ಳುವುದೇ ಇಲ್ಲ.

ಒಂದು ಥರ್ಮಾಮೀಟರ್ ತಂದು ನೇತುಹಾಕಿ

ಗೋಡೆಗೆ ಹಾಕುವ ಸಾಧಾರಣದ್ದು ಸಾಕು. ಎರಡು ದಿನ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮಲಗುವ ಮುಂಚೆ ನೋಡಿ ಬರೆದಿಡಿ. ನಮ್ಮದು ಮೇಲಿನ ಮಹಡಿ, ತಲೆ ಮೇಲೆ ಬರೀ ಆರ್‌ಸಿಸಿ. ರಾತ್ರಿ ಹನ್ನೊಂದಕ್ಕೆ ಬಾಲ್ಕನಿಯಲ್ಲಿ 25 ಇತ್ತು, ಮಲಗುವ ಕೋಣೆಯಲ್ಲಿ 33. ಸ್ಟೂಲ್ ಹತ್ತಿ ಚಾವಣಿಗೆ ಅಂಗೈ ಇಟ್ಟು ನೋಡಿದೆ. ಒಲೆ ಆರಿಸಿ ಹತ್ತು ನಿಮಿಷ ಆದ ಕಾವಲಿಯ ಅಂಚು ಮುಟ್ಟಿದ ಹಾಗಿತ್ತು. ಹಗಲೆಲ್ಲ ಕುಡಿದ ಬಿಸಿಯನ್ನು ಕಾಂಕ್ರೀಟು ರಾತ್ರಿ ನಮ್ಮ ಮೇಲೆ ನಿಧಾನಕ್ಕೆ ಬಿಡುತ್ತಾ ಇರುತ್ತದೆ. ಫ್ಯಾನ್ ಎಷ್ಟು ಜೋರಾಗಿ ತಿರುಗಿದರೂ ಅದೇ ಬಿಸಿಯನ್ನೇ ಕೆಳಗೆ ತಳ್ಳುತ್ತದೆ.

ಕಿಟಕಿಗೂ ಒಂದು ವೇಳಾಪಟ್ಟಿ ಮಾಡಿ

ಮುಖ್ಯವಾದ ಹಂತ ಇದೇ, ಖರ್ಚೂ ಇಲ್ಲ. ಮೊದಲ ವರ್ಷಗಳಲ್ಲಿ ನಾನು "ಗಾಳಿ ಬರಲಿ" ಅಂತ ಹಗಲೆಲ್ಲ ಕಿಟಕಿ ತೆರೆದಿಟ್ಟು, ಸಂಜೆ ಐದೂವರೆಗೆ ಸೊಳ್ಳೆ ಬರುತ್ತದೆ ಅಂತ ಎಲ್ಲ ಮುಚ್ಚಿ, ಆಮೇಲೆ ಮಾರನೇ ದಿನ ಬೆಳಿಗ್ಗೆವರೆಗೆ ತೆರೆಯುತ್ತಲೇ ಇರಲಿಲ್ಲ. ಬೆಂಗಳೂರಿನ ಮುಕ್ಕಾಲು ಮನೆಗಳಲ್ಲಿ ನಡೆಯುವುದು ಇದೇ. ಬಿಸಿ ಗಾಳಿಗೆ ಬಾಗಿಲು ತೆರೆದು, ತಂಪು ಗಾಳಿಗೆ ಮುಚ್ಚಿದ ಹಾಗೆ.

ಇದನ್ನು ಉಲ್ಟಾ ಮಾಡಿ. ಬೆಳಿಗ್ಗೆ ಎಂಟೂವರೆ, ಒಂಬತ್ತರ ಹೊತ್ತಿಗೆ ಹೊರಗಿನ ಬಿಸಿ ಒಳಗಿನದನ್ನು ದಾಟುತ್ತದೆ. ಆಗ ಕಿಟಕಿ ಮುಚ್ಚಿ, ಬಿಸಿಲು ಬೀಳುವ ಕಡೆ ಪರದೆ ಎಳೆಯಿರಿ. ಪರದೆ ಗಾಜಿನ ಹೊರಗಿದ್ದರೆ ಇನ್ನೂ ಒಳ್ಳೆಯದು, ಯಾಕೆಂದರೆ ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ತಡೆದರೆ ಅರ್ಧ ಲಾಭ ಅಷ್ಟೇ. ಪಶ್ಚಿಮದ ಬಾಲ್ಕನಿಗೆ ಬಿದಿರಿನ ಪರದೆ ಅಥವಾ ಹಸಿರು ನೆರಳು ಬಲೆ ಕಟ್ಟಿ. ಲಾವಂಚದ ಪರದೆ ಸಿಕ್ಕರೆ ನೀರು ಚಿಮುಕಿಸಿ ಇಳಿಬಿಡಿ, ವಾಸನೆಗೇ ಅರ್ಧ ತಂಪು ಅನಿಸುತ್ತದೆ. ಸಂಜೆ ಹೊರಗೆ ತಣ್ಣಗಾಗುತ್ತಿದ್ದಂತೆ, ಏಳು, ಏಳೂವರೆಗೆ, ಎದುರುಬದುರಿನ ಕಿಟಕಿಗಳನ್ನು ತೆರೆದು ಬೆಳಗಿನವರೆಗೂ ಬಿಡಿ. ಸೊಳ್ಳೆಗೆ ಜಾಲರಿ ಹಾಕಿಸಿ. ಎಸಿ ಕೊಳ್ಳುವ ಯೋಚನೆ ಇದ್ದವರು ಅದಕ್ಕೆ ಮುಂಚೆ ಎಲ್ಲ ಕಿಟಕಿಗೂ ಜಾಲರಿ ಹಾಕಿಸಿ ಒಂದು ಬೇಸಿಗೆ ನೋಡಿ ಅಂತಲೇ ನನ್ನ ಸಲಹೆ. ನೆಲಮಹಡಿಯವರು ಕಳ್ಳರ ಭಯ ಇದ್ದರೆ ಗ್ರಿಲ್ ಇರುವ, ಕೈಗೆಟುಕದ ಕಿಟಕಿಗಳನ್ನಷ್ಟೇ ತೆರೆಯಿರಿ.

ಗಾಳಿ ಆಡದಿದ್ದರೆ ಟೇಬಲ್ ಫ್ಯಾನನ್ನು ಒಂದು ಕಿಟಕಿಯ ಹತ್ತಿರ ಹೊರಮುಖವಾಗಿ ತಿರುಗಿಸಿ ಇಡಿ. ಒಳಗಿನ ಬಿಸಿಯನ್ನು ಅದು ಹೊರಗೆ ತಳ್ಳುತ್ತದೆ, ಇನ್ನೊಂದು ಕಿಟಕಿಯಿಂದ ತಂಪು ತಾನಾಗಿ ಒಳಗೆ ಬರುತ್ತದೆ. ಅರ್ಧ ಗಂಟೆಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಬಿಸಿಲ ನಾಡಿನವರಿಗೆ ಇದು ಹೊಸದಲ್ಲ. ಕಲಬುರಗಿ ಕಡೆಯ ಹಳೇ ಮನೆಗಳ ದಪ್ಪ ಗೋಡೆ, ಸಣ್ಣ ಕಿಟಕಿ, ಕಾಲಿಗೆ ತಂಪಾಗುವ ಶಹಾಬಾದ್ ಕಲ್ಲಿನ ನೆಲ, ಎಲ್ಲ ಇದೇ ಲೆಕ್ಕದ್ದು. ಇರಾನಿನ ಯಜ್ದ್ ಊರಿನಲ್ಲಿ ಗಾಳಿಯನ್ನು ಹಿಡಿದು ಮನೆಯೊಳಗೆ ಇಳಿಸುವ ಗೋಪುರಗಳನ್ನೇ ಕಟ್ಟಿಕೊಂಡಿದ್ದಾರೆ. ಬ್ರಿಟನ್ನಿನಲ್ಲಿ ಪೂರ್ತಿ ಬೇರೆ ಕಥೆ. ಅಲ್ಲಿನ ಮನೆಗಳನ್ನು ಚಳಿಗೆಂದು, ಬಿಸಿ ಹೊರಗೆ ಹೋಗದ ಹಾಗೆ ಕಟ್ಟಿದ್ದಾರೆ. ಲಂಡನ್ನಿನಲ್ಲಿ ಸತತ ಮೂರು ದಿನ 28 ಡಿಗ್ರಿ ಮುಟ್ಟಿದರೆ ಅದನ್ನು ಬಿಸಿ ಅಲೆ ಅಂತ ಘೋಷಿಸುತ್ತಾರೆ. ಅದನ್ನು ಕೇಳಿ ನಮಗೆ ನಗು ಬರಬಹುದು. ಆದರೆ 2022ರ ಜುಲೈ 19ರಂದು ಆ ದೇಶದಲ್ಲಿ 40.3 ಡಿಗ್ರಿ ದಾಖಲಾದಾಗ ಬಹುಪಾಲು ಮನೆಗಳಲ್ಲಿ ಎಸಿ ಇರಲಿಲ್ಲ. 2003ರ ಆಗಸ್ಟ್‌ನಲ್ಲಿ ಫ್ರಾನ್ಸ್ ಒಂದರಲ್ಲೇ ಸುಮಾರು 15,000 ಜನ ಬಿಸಿಗೆ ಸತ್ತರು, ಹೆಚ್ಚಿನವರು ವಯಸ್ಸಾದವರು. ಬೇರೆ ಊರಿನವರ ಬಿಸಿಯನ್ನು ಹಗುರವಾಗಿ ಕಾಣಬಾರದು. ನಮ್ಮದನ್ನೂ ಅಷ್ಟೇ. ನಮ್ಮ ಹವಾಮಾನ ಇಲಾಖೆ ಬಯಲು ಸೀಮೆಗೆ ಬಿಸಿ ಅಲೆಯ ಲೆಕ್ಕ ಶುರು ಮಾಡುವುದೇ 40 ಡಿಗ್ರಿಯಿಂದ. ಬೆಂಗಳೂರು ನಗರದ ದಾಖಲೆಯೇ 39.2, ಅದು 2016ರ ಏಪ್ರಿಲ್ 24ರದು. ಅಂದರೆ ಎಚ್ಚರಿಕೆ ಬರಲಿ ಅಂತ ಕಾಯುತ್ತಾ ಕೂತರೆ ಅದು ಬರದೇ ಹೋಗಬಹುದು, ಅಷ್ಟರಲ್ಲಿ ಮನೆಯ ಅಜ್ಜಿ ಸುಸ್ತಾಗಿರುತ್ತಾರೆ.

ತಾರಸಿಗೆ ಸುಣ್ಣ ಹೊಡೆಯಿರಿ

ಮೇಲಿನ ಮಹಡಿಯವರು ಇದನ್ನು ಖಂಡಿತ ಬಿಡಬೇಡಿ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ, ಕಾಂಕ್ರೀಟು ಕಾಯುವುದೇ ಕಡಿಮೆಯಾಗುತ್ತದೆ. ತೆಲಂಗಾಣ ಸರ್ಕಾರ 2023ರಲ್ಲಿ ಇಂಥ ತಂಪು ಚಾವಣಿಗೆಂದೇ ಒಂದು ನೀತಿ ತಂದಿದೆ.

ಮಾಡುವುದು ಹೀಗೆ. ಫೆಬ್ರವರಿ ಕೊನೆ ಅಥವಾ ಮಾರ್ಚ್ ಮೊದಲ ವಾರ, ಬೆಳಿಗ್ಗೆ ಬೇಗ ತಾರಸಿ ಗುಡಿಸಿ, ಪಾಚಿ ಇದ್ದರೆ ಉಜ್ಜಿ ತೊಳೆಯಿರಿ. ಅರಳಿದ ಸುಣ್ಣವನ್ನು ಹಿಂದಿನ ರಾತ್ರಿಯೇ ನೀರಲ್ಲಿ ಕದಡಿ ಬಟ್ಟೆಯಲ್ಲಿ ಸೋಸಿಡಿ. ಬೆಳಿಗ್ಗೆ ಅದಕ್ಕೆ ಸ್ವಲ್ಪ ಬಿಳಿ ಸಿಮೆಂಟು, ಸ್ವಲ್ಪ ಅಂಟು ಸೇರಿಸಿ. ದೋಸೆ ಹಿಟ್ಟಿಗಿಂತ ತೆಳ್ಳಗಿರಲಿ. ನೆಲ ಇನ್ನೂ ಪಸೆಯಾಗಿ ಇರುವಾಗಲೇ ಉದ್ದನೆ ಹಿಡಿಯ ಬ್ರಷ್‌ನಲ್ಲಿ ಒಂದು ಕೋಟು ಹೊಡೆಯಿರಿ, ಒಣಗಿದ ಮೇಲೆ ಅಡ್ಡಡ್ಡ ಇನ್ನೊಂದು. ಸುಣ್ಣ ಕಣ್ಣಿಗೆ ಹಾರಿದರೆ ಅಪಾಯ, ಆದ್ದರಿಂದ ಕನ್ನಡಕ, ಕೈಗವಸು ಬೇಕೇ ಬೇಕು. ಮಕ್ಕಳನ್ನು ಹತ್ತಿರ ಬಿಡಬೇಡಿ. ಮಳೆನೀರು ಸಂಪ್‌ಗೆ ಹೋಗುವ ಕೊಳವೆ ಇದ್ದರೆ ಮೊದಲ ಮಳೆಯ ನೀರನ್ನು ಹೊರಗೆ ಬಿಡಿ. ಮಳೆಗಾಲಕ್ಕೆ ಸುಣ್ಣ ಅಳಿಸಿ ಹೋಗುತ್ತದೆ, ಪ್ರತಿ ವರ್ಷ ಹೊಡೆಯಬೇಕು. ಕೈಯಲ್ಲಿ ದುಡ್ಡಿದ್ದರೆ ಬಿಸಿಲು ತಡೆಯುವ ಬಿಳಿ ಪೇಂಟು ಕೆಲವು ವರ್ಷ ಬರುತ್ತದೆ. ಬಾಡಿಗೆ ಮನೆಯವರು ಮಾಲೀಕರನ್ನು ಕೇಳಿಯೇ ಮಾಡಿ.

ನಮ್ಮ ಕೋಣೆಯಲ್ಲಿ ಸುಣ್ಣ ಮತ್ತು ಕಿಟಕಿಯ ಶಿಸ್ತು ಎರಡೂ ಸೇರಿ ರಾತ್ರಿ ಹನ್ನೊಂದರ 33 ಡಿಗ್ರಿ 30ಕ್ಕೆ ಇಳಿಯಿತು. ಮೂರೇ ಡಿಗ್ರಿ ಅಂತ ಕೇಳಲು ಸಣ್ಣದು, ಆದರೆ ನಿದ್ದೆ ಬಂತು.

ಕೂಲರ್ ಕೊಳ್ಳುವ ಮುಂಚೆ

ಕೂಲರ್ ತಂಪು ಮಾಡುವುದು ಗಾಳಿಗೆ ನೀರಿನ ಪಸೆ ಸೇರಿಸಿ. ಒಣ ಗಾಳಿಯ ಕಲಬುರಗಿಯಲ್ಲಿ ಅದು ದೇವರ ಹಾಗೆ ಕೆಲಸ ಮಾಡುತ್ತದೆ, ಮಂಗಳೂರಿನಲ್ಲಿ ದಂಡ. ಬೆಂಗಳೂರಿನಲ್ಲಿ ಮಾರ್ಚ್, ಏಪ್ರಿಲ್‌ನ ಒಣ ಮಧ್ಯಾಹ್ನಗಳಲ್ಲಿ ಚೆನ್ನಾಗಿ ನಡೆಯುತ್ತದೆ, ಮಳೆ ಶುರುವಾದ ಮೇಲೆ ಬರೀ ಸೆಕೆ. ಹಗಲಲ್ಲಿ ಕಿಟಕಿ ಮುಚ್ಚಿ ಅಂದೆನಲ್ಲ, ಕೂಲರ್ ಓಡುವಾಗ ಮಾತ್ರ ಒಂದು ಕಿಟಕಿ ಸ್ವಲ್ಪ ತೆರೆದಿರಬೇಕು, ಇಲ್ಲದಿದ್ದರೆ ಕೋಣೆ ಹಬೆ ಪೆಟ್ಟಿಗೆಯಾಗುತ್ತದೆ. ಜಪಾನಿನವರು ಬೇಸಿಗೆ ಸಂಜೆ ಮನೆ ಮುಂದೆ ನೀರು ಚಿಮುಕಿಸುತ್ತಾರೆ. ನಮ್ಮ ಅಂಗಳಕ್ಕೂ ಅದು ಒಳ್ಳೆಯದೇ, ಆದರೆ 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದವರು ನಾವು. ಅಕ್ಕಿ, ತರಕಾರಿ ತೊಳೆದ ನೀರನ್ನಷ್ಟೇ ಬಳಸಿ.

ಮೈಗೆ ಎರಡು ವಾರ ಕೊಡಿ

ಬಿಸಿಗೆ ಹೊಂದಿಕೊಳ್ಳಲು ಮೈಗೆ ಒಂದರಿಂದ ಎರಡು ವಾರ ಬೇಕು. ಆಮೇಲೆ ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಉಪ್ಪು ಕಡಿಮೆ ಹೋಗುತ್ತದೆ, ಹೃದಯಕ್ಕೂ ಶ್ರಮ ಕಡಿಮೆ. ಇಸ್ತ್ರಿ ಗಾಡಿಯವರ ಧೈರ್ಯದ ಹಿಂದೆ ಇರುವುದು ಇದೇ. ಆದರೆ ದಿನವಿಡೀ ಎಸಿಯಲ್ಲಿ ಕೂತರೆ ಕೆಲವೇ ವಾರಗಳಲ್ಲಿ ಈ ಅಭ್ಯಾಸ ಹೋಗಿಬಿಡುತ್ತದೆ. ಹಾಗಾಗಿ ಮಾರ್ಚ್‌ನ ಮೊದಲ ಬಿಸಿ ವಾರದಲ್ಲಿ ಓಟ, ಜಿಮ್ಮು ಅರ್ಧಕ್ಕೆ ಇಳಿಸಿ, ನಿಧಾನಕ್ಕೆ ಹೆಚ್ಚಿಸಿ. ಮನೆ ಕಟ್ಟಿಸುತ್ತಿರುವವರಿಗೆ ಒಂದು ಮಾತು: ಹೊಸದಾಗಿ ಬಂದ ಗಾರೆ ಕೆಲಸದವರಿಗೆ ಮೊದಲ ದಿನವೇ ಪೂರ್ತಿ ಬಿಸಿಲಿನ ಕೆಲಸ ಕೊಡಬೇಡಿ. ಅಮೆರಿಕದಲ್ಲಿ ಮೊದಲ ದಿನ ಐದನೇ ಒಂದು ಪಾಲು ಕೆಲಸ ಸಾಕು ಅನ್ನುತ್ತಾರೆ.

ಹೊತ್ತು ಬದಲಾಯಿಸುವುದೂ ಮುಖ್ಯ. ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳು ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವ ಹಾಗಿಲ್ಲ. ನಮ್ಮ ಆಫೀಸಿನ ವೇಳೆ ಬದಲಾಗುವುದಿಲ್ಲ ನಿಜ. ಮಾರ್ಕೆಟ್ಟು, ಬ್ಯಾಂಕು, ತಾರಸಿ ಕೆಲಸ ಹತ್ತರೊಳಗೆ ಮುಗಿಸಬಹುದಲ್ಲ.

ಬಟ್ಟೆ ಸಡಿಲವಾಗಿರಲಿ, ಮೈ ಮುಚ್ಚುವಂತಿರಲಿ. ಮರುಭೂಮಿಯ ಕೆಲವು ಬೆಡುಯಿನ್ ಜನ ಕಪ್ಪು ನಿಲುವಂಗಿಯನ್ನೇ ಹಾಕುತ್ತಾರೆ. 1980ರಲ್ಲಿ ವಿಜ್ಞಾನಿಗಳು ಅಳೆದು ನೋಡಿದಾಗ ಕಪ್ಪು ಅಂಗಿಯಲ್ಲೂ ಬಿಳಿ ಅಂಗಿಯಲ್ಲೂ ಮೈಗೆ ತಟ್ಟಿದ ಬಿಸಿ ಒಂದೇ ಆಗಿತ್ತು. ಕಪ್ಪು ಬಟ್ಟೆ ಕುಡಿದ ಹೆಚ್ಚಿನ ಬಿಸಿಯನ್ನು ಒಳಗೆ ಆಡುವ ಗಾಳಿ ಮೈ ಮುಟ್ಟುವ ಮುಂಚೆಯೇ ಹೊತ್ತೊಯ್ಯುತ್ತಿತ್ತು. ಬಿಗಿ ಜೀನ್ಸ್ ಎರಡು ತಿಂಗಳು ಬೀರುವಿನಲ್ಲಿರಲಿ.

ಏನು ಕುಡಿಯಬೇಕು

ಒಂದು ಪಾಲು ಮೊಸರಿಗೆ ನಾಲ್ಕು ಪಾಲು ನೀರು, ಉಪ್ಪು, ಜಜ್ಜಿದ ಶುಂಠಿ, ಕರಿಬೇವು, ಚಿಟಿಕೆ ಇಂಗು. ಬೆಳಿಗ್ಗೆಯೇ ಮಾಡಿ ಮಣ್ಣಿನ ಹೂಜಿಯಲ್ಲಿಡಿ. ರಾಗಿ ಅಂಬಲಿ, ಕರಾವಳಿಯವರ ಪುನರ್ಪುಳಿ ಷರಬತ್ತು, ರಾಮನವಮಿಯ ಪಾನಕ, ಯಾವುದಾದರೂ ಸರಿ. ತುಂಬಾ ಬೆವರಿ ಸುಸ್ತಾದವರಿಗೆ ಒಂದು ಲೀಟರ್ ಕುಡಿಯುವ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿ ಕೊಡಿ. ಬಿಪಿ, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳಿ. ಗೇಟಿನ ಹತ್ತಿರ ಒಂದು ಮಡಕೆ ನೀರು, ಲೋಟ ಇಡಿ. ಹಿಂದೆ ದಾರಿಯುದ್ದಕ್ಕೂ ಅರವಟಿಗೆ ಇರುತ್ತಿದ್ದವು. ಮಧ್ಯಾಹ್ನ ಎರಡಕ್ಕೆ ಬಿಸಿಲಲ್ಲಿ ನಮ್ಮ ಊಟ ಹೊತ್ತು ತರುವ ಹುಡುಗ ನೀರು ಕೇಳಲು ಸಂಕೋಚಪಡುತ್ತಾನೆ.

ಝಳ ಬಡಿದರೆ

ತಲೆಸುತ್ತು, ವಾಕರಿಕೆ, ಸ್ನಾಯು ಸೆಳೆತ ಇದ್ದರೆ ನೆರಳಿಗೆ ಕರೆತಂದು ಮಲಗಿಸಿ, ಬಟ್ಟೆ ಸಡಿಲಿಸಿ, ಗುಟುಕು ಗುಟುಕಾಗಿ ನೀರು ಕೊಡಿ. ಆದರೆ ಮಾತು ತೊದಲಿದರೆ, ಏನೇನೋ ಹೇಳಿದರೆ, ಪ್ರಜ್ಞೆ ತಪ್ಪಿದರೆ, ಮೈ ಕೆಂಡದ ಹಾಗೆ ಸುಡುತ್ತಿದ್ದರೆ ಅದು ಬೇರೆ. ಮೈಬಿಸಿ 40 ಡಿಗ್ರಿ ದಾಟಿರಬಹುದು, ಜೀವಕ್ಕೇ ಅಪಾಯ. ಬೆವರು ಇದೆಯಲ್ಲ ಅಂತ ಸುಮ್ಮನಿರಬೇಡಿ, ಬಿಸಿಲಲ್ಲಿ ದುಡಿಯುತ್ತಿದ್ದವರಿಗೆ ಬೆವರುತ್ತಿರುವಾಗಲೂ ಹೀಗಾಗುತ್ತದೆ. ಕೂಡಲೇ 108ಕ್ಕೆ ಫೋನ್ ಮಾಡಿ. ಬಾಯಿಗೆ ನೀರು ಹಾಕಬೇಡಿ, ಜ್ವರದ ಮಾತ್ರೆಯಿಂದಲೂ ಇದು ಇಳಿಯುವುದಿಲ್ಲ. ಬಕೆಟ್‌ನಲ್ಲಿ, ಪೈಪ್‌ನಲ್ಲಿ, ಯಾವುದರಲ್ಲಿ ಸಿಕ್ಕರೆ ಅದರಲ್ಲಿ ಮೈಮೇಲೆ ತಣ್ಣೀರು ಸುರಿಯಿರಿ, ಒಬ್ಬರು ಗಾಳಿ ಬೀಸುತ್ತಿರಲಿ. ಕಂಕುಳಿಗೆ, ಕತ್ತಿಗೆ, ತೊಡೆಸಂದಿಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಆಂಬುಲೆನ್ಸ್ ಬಂದು ನಿಲ್ಲುವವರೆಗೂ ನೀರು ಸುರಿಯುವುದನ್ನು ನಿಲ್ಲಿಸಬೇಡಿ.