ಕುಸಿಯದ ಟೆಂಟು: ನಾಲ್ಕು ಪಟ್ಟಿ, ಒಂದು ಕೋಲು, ಒಂದು ಬೆಡ್‌ಶೀಟ್

ಎರಡು ಕುರ್ಚಿ ದೂರ ದೂರ ಇಟ್ಟು ಮೇಲೆ ಬೆಡ್‌ಶೀಟ್ ಹೊದಿಸಿದರೆ ಟೆಂಟು ರೆಡಿ. ಐದು ನಿಮಿಷಕ್ಕೆ ಬೆಡ್‌ಶೀಟ್ ಜಾರುತ್ತದೆ. "ಮತ್ತೆ ಹಾಕಿಕೊಡಿ" ಅಂತ ಒಳಗಿನಿಂದ ಮಕ್ಕಳ ಕೂಗು ಬರುತ್ತದೆ. ಹತ್ತು ಸಲ ಹಾಕಿಕೊಟ್ಟ ಮೇಲೆ ನನಗೂ ಸಾಕಾಯಿತು. ಒಂದು ಭಾನುವಾರ ಕೂತು ಮರದ ಟೆಂಟನ್ನೇ ಮಾಡಿದೆ. ಅದೂ ಬಿತ್ತು! ಯಾಕೆ ಬಿತ್ತು ಅಂತ ಗೊತ್ತಾದ ಮೇಲೆ ಮಾಡಿದ ಎರಡನೆಯದು ಮಾತ್ರ ಗಟ್ಟಿಯಾಗಿ ನಿಂತಿತು. ಅದನ್ನು ಮಾಡುವ ಬಗೆ ಇಲ್ಲಿದೆ.

ಟೆಂಟು ಅಂದ ಕೂಡಲೇ ಹಲವರಿಗೆ ನೆನಪಾಗುವುದು ಕೋಲುಗಳನ್ನು ಮೇಲೆ ಒಟ್ಟಿಗೆ ಕಟ್ಟಿದ ಶಂಕುವಿನ ಆಕಾರದ ಟೀಪಿ. ಉತ್ತರ ಅಮೆರಿಕದ ಬಯಲುಸೀಮೆಯ ಮೂಲನಿವಾಸಿಗಳ ಮನೆ ಅದು. ನೋಡಲು ಚೆಂದ, ಸರಿ. ಆದರೆ ಅದಕ್ಕೆ ಉದ್ದನೆಯ ಕೋಲುಗಳು ಬೇಕು, ಬಟ್ಟೆಯನ್ನು ಅರ್ಧ ಚಂದ್ರನ ಹಾಗೆ ಕತ್ತರಿಸಬೇಕು, ಜಾಗವೂ ಜಾಸ್ತಿ ಹಿಡಿಯುತ್ತದೆ. ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಎರಡು ಇಳಿಜಾರಿನ ಮಾಡಿನಂಥ ಟೆಂಟು. ಎಲ್ಲ ಕಡೆ ನೇರ ಕತ್ತರಿ, ನೇರ ಹೊಲಿಗೆ. ಆಟ ಮುಗಿದ ಮೇಲೆ ಮಡಚಿ ಬಾಗಿಲ ಹಿಂದೆ ಒರಗಿಸಿ ಇಡಬಹುದು.

ಬೇಕಾಗುವುದು ಇಷ್ಟು

4 ಅಡಿ ಉದ್ದ, 2 ಇಂಚು ಅಗಲ, 1 ಇಂಚು ದಪ್ಪದ ನಾಲ್ಕು ಮರದ ಪಟ್ಟಿ. ಬಡಗಿಗಳು ಇದನ್ನು ರೀಪರ್ ಅನ್ನುತ್ತಾರೆ. 4 ಅಡಿ ಉದ್ದದ, 20 ಮಿಲಿಮೀಟರ್ ದಪ್ಪದ ಒಂದು ದುಂಡು ಕೋಲು. ಒಂದು ಹಳೆಯ ಹತ್ತಿ ಬೆಡ್‌ಶೀಟ್, 60 ಇಂಚು ಅಗಲ 90 ಇಂಚು ಉದ್ದ ಇದ್ದರೆ ಸಾಕು. ನೆಲಕ್ಕೆ ಹಾಸಲು ಒಂದು ದಪ್ಪ ಬಟ್ಟೆ. ಸುಮಾರು ಒಂದು ಮೀಟರ್ ಉದ್ದದ ಅಗಲ ಇಲಾಸ್ಟಿಕ್, ನಾಲ್ಕು ಗಟ್ಟಿ ರಬ್ಬರ್ ಬ್ಯಾಂಡ್, ಸ್ಯಾಂಡ್ ಪೇಪರ್.

ಪಟ್ಟಿ ಆರಿಸುವಾಗ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿ, ಡೊಂಕಿದ್ದರೆ ಬಿಟ್ಟುಬಿಡಿ. ಮರದ ಗಂಟು ತೂತು ಬರುವ ಜಾಗದಲ್ಲಿ ಇರಲೇಬಾರದು, ಅಲ್ಲೇ ಸೀಳುತ್ತದೆ. ಬೆಡ್‌ಶೀಟ್ ಹೊಸದಾದರೆ ಮೊದಲು ಒಗೆದು ಒಣಗಿಸಿ, ಆಮೇಲೆ ಅಳತೆ ಮಾಡಿ. ಹೊಸ ಹತ್ತಿ ಬಟ್ಟೆ ಒಗೆದಾಗ ಕುಗ್ಗುತ್ತದೆ. ನೂರಕ್ಕೆ 3 ಕುಗ್ಗಿದರೂ ಈ ಟೆಂಟಿನ ಉದ್ದದಲ್ಲಿ 2 ಇಂಚು ಹೋದ ಹಾಗೆ. ಪ್ಲಾಸ್ಟಿಕ್ ಹಾಳೆ ಮಾತ್ರ ಬೇಡ. ಒಳಗೆ ಗಾಳಿ ಆಡುವುದಿಲ್ಲ, ಬೆವರು ಹರಿಯುತ್ತದೆ.

ಮರದ ಕೆಲಸ

ನಾಲ್ಕೂ ಪಟ್ಟಿಗಳನ್ನು ಪಕ್ಕಪಕ್ಕ ಜೋಡಿಸಿ, ತುದಿಗಳನ್ನು ಗೋಡೆಗೆ ತಾಗಿಸಿ ಸಮ ಮಾಡಿ. ಈಗ ಮೇಲಿನ ತುದಿಯಿಂದ 6 ಇಂಚು ಕೆಳಗೆ ನಾಲ್ಕಕ್ಕೂ ಸೇರಿ ಒಂದೇ ಗೆರೆ ಎಳೆಯಿರಿ. ಒಂದೊಂದನ್ನೇ ಅಳೆದು ಗುರುತು ಹಾಕಲು ಹೋಗಬೇಡಿ. ಕಾಲಿಂಚು ಹೆಚ್ಚು ಕಡಿಮೆ ಆದರೂ ಟೆಂಟು ಕುಂಟುತ್ತದೆ.

ಗೆರೆಯ ಮೇಲೆ, ಪಟ್ಟಿಯ ಅಗಲದ ಸರಿಯಾಗಿ ನಡುವೆ, 22 ಮಿಲಿಮೀಟರ್ ತೂತು ಕೊರೆಯಿರಿ. ಕೋಲಿಗಿಂತ ತೂತು ಚೂರು ದೊಡ್ಡದಿದ್ದರೇನೇ ಕಾಲುಗಳು ಕತ್ತರಿಯ ಹಾಗೆ ಸಲೀಸಾಗಿ ತೆರೆದು ಮುಚ್ಚುತ್ತವೆ. ಕೆಳಗೆ ಒಂದು ಬೇಡದ ಮರದ ತುಂಡು ಇಟ್ಟುಕೊಳ್ಳಿ. ಡ್ರಿಲ್ ಬಿಟ್ಟಿನ ಮೊನೆ ಆಚೆ ಕಂಡ ಕೂಡಲೇ ನಿಲ್ಲಿಸಿ, ಪಟ್ಟಿ ಮಗುಚಿ ಆ ಕಡೆಯಿಂದ ಕೊರೆದು ಮುಗಿಸಿ. ಹಾಗೆ ಮಾಡಿದರೆ ಅಂಚು ಕಿತ್ತು ಬರುವುದಿಲ್ಲ. ಮನೆಯಲ್ಲಿ ಡ್ರಿಲ್ ಇಲ್ಲದಿದ್ದರೆ ಬಡಗಿಯ ಕೈಲಿ ಹಾಕಿಸಿಕೊಳ್ಳಿ, ನಾಲ್ಕೇ ತೂತು ಅಲ್ವಾ.

ಪ್ರತಿ ಪಟ್ಟಿಯ ಕೆಳತುದಿಯಲ್ಲಿ ಗರಗಸದಿಂದ ಕಾಲಿಂಚು ಆಳದ, ಇಲಾಸ್ಟಿಕ್ ಕೂರುವಷ್ಟು ಅಗಲದ ಒಂದು ಕಚ್ಚು ಮಾಡಿ. ಇದರ ಕೆಲಸ ಆಮೇಲೆ ಗೊತ್ತಾಗುತ್ತದೆ.

ಈಗ ಸ್ಯಾಂಡ್ ಪೇಪರ್. ಬೇಜಾರಿನ ಕೆಲಸ, ನಿಜ. ಆದರೆ ಅರ್ಧ ಗಂಟೆ ಕೊಡಿ. ಪಟ್ಟಿಯ ಮೂಲೆಗಳನ್ನು ದುಂಡಗೆ ಮಾಡಿ. ಕೊನೆಗೆ ಹಳೆಯ ಕಾಲುಚೀಲ ಕೈಗೆ ಹಾಕಿಕೊಂಡು ಮರದ ಮೇಲೆ ಉದ್ದಕ್ಕೂ ಸವರಿ. ದಾರ ಸಿಕ್ಕಿಕೊಂಡ ಕಡೆ ಸಿಬಿರು ಇದೆ ಅಂತ ಅರ್ಥ. ನೀವು ಬಿಟ್ಟರೆ ಅದು ಮಗುವಿನ ಅಂಗೈಗೆ ಸಿಗುತ್ತದೆ.

ಜೋಡಿಸುವುದು ಸುಲಭ. ದುಂಡು ಕೋಲಿನ ಒಂದು ತುದಿಗೆ ಎರಡು ಪಟ್ಟಿ, ಇನ್ನೊಂದು ತುದಿಗೆ ಎರಡು. ಹೊರಗೆ 1 ಇಂಚು ಕೋಲು ಉಳಿಯಲಿ. ಪಟ್ಟಿಗಳು ಅತ್ತಿತ್ತ ಸರಿಯದಂತೆ ಒಳಗೂ ಹೊರಗೂ ಕೋಲಿಗೆ ರಬ್ಬರ್ ಬ್ಯಾಂಡ್ ಬಿಗಿಯಾಗಿ ಸುತ್ತಿ. ಎರಡು ಜೋಡಿ ಕಾಲುಗಳ ನಡುವೆ 42 ಇಂಚು ಜಾಗ ಸಿಗುತ್ತದೆ.

ನನ್ನ ಮೊದಲ ಟೆಂಟು ಬಿದ್ದದ್ದು ಯಾಕೆ

ತೂತಿನಿಂದ ನೆಲಕ್ಕೆ ಕಾಲಿನ ಉದ್ದ 42 ಇಂಚು. ಕಾಲುಗಳನ್ನು 36 ಇಂಚು ಅಗಲಿಸಿ ನಿಲ್ಲಿಸಿದರೆ ಕೋಲು ನೆಲದಿಂದ ಸುಮಾರು 38 ಇಂಚು ಎತ್ತರದಲ್ಲಿರುತ್ತದೆ. ಮಕ್ಕಳು ಕೂರಲು ಇಷ್ಟು ಸಾಕು. ಕಾಲು ಜಾರಿ 60 ಇಂಚು ಅಗಲವಾದರೆ ಎತ್ತರ 29 ಇಂಚಿಗೆ ಇಳಿಯುತ್ತದೆ. ನುಣುಪು ನೆಲದ ಮೇಲೆ ನಮ್ಮ ಮನೆಯಲ್ಲಿ ಆದದ್ದು ಇದೇ. ಟೆಂಟು ಧಡಾರ್ ಅಂತ ಬೀಳಲಿಲ್ಲ. ದಣಿದ ಎಮ್ಮೆಯ ಹಾಗೆ ಮೆಲ್ಲಗೆ ಕೂತುಬಿಟ್ಟಿತು. ಒಳಗಿದ್ದ ಇಬ್ಬರು ಬೆಡ್‌ಶೀಟ್ ಕೆಳಗಿಂದ ನಗುತ್ತಾ ತೆವಳಿಕೊಂಡು ಬಂದರು. ನಾನು ಮಾತ್ರ ನಗಲಿಲ್ಲ.

ಬಟ್ಟೆಯನ್ನು ಇನ್ನೂ ಬಿಗಿ ಮಾಡಿದರೆ ಸರಿಹೋಗುತ್ತದೆ ಅಂದುಕೊಂಡೆ. ಹೋಗಲಿಲ್ಲ, ಹೋಗುವುದೂ ಇಲ್ಲ. ಬಟ್ಟೆ ಇರುವುದು ಕೋಲಿನಿಂದ ಪಾದದವರೆಗೆ. ಕಾಲು ಎಷ್ಟೇ ಅಗಲವಾದರೂ ಆ ದೂರ 42 ಇಂಚೇ. ಹಾಗಾಗಿ ಬಟ್ಟೆ ಕಾಲನ್ನು ಹಿಡಿದು ನಿಲ್ಲಿಸುವುದಿಲ್ಲ, ಕಾಲಿನ ಜೊತೆಗೇ ಹೋಗುತ್ತದೆ. ಮೂರು ಬದಿಯೂ ಇದ್ದರೆ ಮಾತ್ರ ತ್ರಿಕೋನ ಅಲುಗದೆ ನಿಲ್ಲುವುದು. ನಾನು ಎರಡು ಬದಿ ಮಾಡಿ ಮೂರನೆಯದನ್ನು ನೆಲದ ಪಾಲಿಗೆ ಬಿಟ್ಟಿದ್ದೆ. ಒರಟು ನೆಲವಾದರೆ ಹಿಡಿದುಕೊಳ್ಳುತ್ತದೆ, ನುಣುಪು ನೆಲ ಕೈಬಿಡುತ್ತದೆ.

ಆ ಮೂರನೆಯ ಬದಿಯೇ ನೆಲದ ಹಾಸು. ದಪ್ಪ ಬಟ್ಟೆಯನ್ನು 36 ಇಂಚು ಅಗಲ, 42 ಇಂಚು ಉದ್ದಕ್ಕೆ ಕತ್ತರಿಸಿ ಅಂಚು ಮಡಚಿ ಹೊಲಿಯಿರಿ. ನಾಲ್ಕೂ ಮೂಲೆಗೆ ಪಟ್ಟಿಯ ಕಾಲು ತೂರುವಷ್ಟು ಕುಣಿಕೆ ಹೊಲಿಯಿರಿ. ಬೆಡ್‌ಶೀಟಿನಲ್ಲಿ ಉಳಿಯುವ ಬಟ್ಟೆಯನ್ನು ಮೂರು ನಾಲ್ಕು ಪದರ ಮಡಚಿದರೆ ಗಟ್ಟಿ ಕುಣಿಕೆ ಆಗುತ್ತದೆ. ಇಲ್ಲಿ ಇಲಾಸ್ಟಿಕ್ ಬೇಡವೇ ಬೇಡ, ಹಿಗ್ಗಿದರೆ ಮತ್ತೆ ಅದೇ ಕಥೆ. ಮೂಲೆಯ ಹೊಲಿಗೆಯನ್ನು ಒಂದರ ಮೇಲೊಂದು ನಾಲ್ಕೈದು ಸಲ ಹಾಕಿ. ಇಡೀ ಟೆಂಟಿನ ಭಾರ ಎಳೆಯುವುದು ಅಲ್ಲೇ. ಬರೀ ಹಗ್ಗ ಕಟ್ಟಿದರೆ ಸಾಲದೇ ಅಂತ ಕೇಳಬಹುದು. ಸಾಕು, ಆದರೆ ಬಾಗಿಲಿಗೆ ಅಡ್ಡ ಬರುವ ಹಗ್ಗಕ್ಕೆ ಎಡವಿ ಬೀಳದ ಮಗು ಇಲ್ಲ.

ಮೇಲಿನ ಹೊದಿಕೆ

ಬೆಡ್‌ಶೀಟನ್ನು ಹೊಲಿದ ಮೇಲೆ 42 ಇಂಚು ಅಗಲ, 78 ಇಂಚು ಉದ್ದ ಬರುವಂತೆ ಕತ್ತರಿಸಿ. ಪಾದದಿಂದ ಪಾದಕ್ಕೆ 84 ಇಂಚು ಬೇಕು, ನಾವು ಬೇಕಂತಲೇ ಎರಡೂ ಕಡೆ 3 ಇಂಚು ಕಡಿಮೆ ಇಡುತ್ತಿದ್ದೇವೆ. ಆ ಜಾಗವನ್ನು ಇಲಾಸ್ಟಿಕ್ ತುಂಬುತ್ತದೆ. 7 ಇಂಚಿನ ನಾಲ್ಕು ತುಂಡು ಮಾಡಿ, ಪ್ರತಿ ಮೂಲೆಗೆ ಒಂದರಂತೆ ಎರಡೂ ತುದಿ ಸೇರಿಸಿ ಕುಣಿಕೆಯಾಗಿ ಹೊಲಿಯಿರಿ. ಈ ಕುಣಿಕೆಯನ್ನು ಎಳೆದು ಕಾಲಿನ ತಳದ ಕಚ್ಚಿಗೆ ಸಿಕ್ಕಿಸುವುದು. ಕಚ್ಚು ಇಲ್ಲದಿದ್ದರೆ ಅದು ಪಕ್ಕಕ್ಕೆ ಜಾರಿ ಮೇಲೆ ಹಾರುತ್ತದೆ.

ಹೊದಿಕೆಯನ್ನು ಅರ್ಧಕ್ಕೆ ಮಡಚಿ ನಡುಗೆರೆ ಹುಡುಕಿ. ಒಳಬದಿಯಲ್ಲಿ ಆ ಗೆರೆಯ ಎರಡು ತುದಿಗೆ ಚಿಕ್ಕ ಬಟ್ಟೆಯ ಉಂಗುರ ಹೊಲಿದು ದುಂಡು ಕೋಲನ್ನು ಅದರೊಳಗೆ ತೂರಿಸಿ. ಒಬ್ಬರು ಒಂದು ಕಡೆ ಎಳೆದರೆ ಇನ್ನೊಂದು ಕಡೆ ಬರಿದಾಗುವ ಜಗಳ ಇದರಿಂದ ತಪ್ಪುತ್ತದೆ.

ಹಿಂಬದಿ ಮುಚ್ಚಬೇಕೆ? ನಾನು ಮುಚ್ಚಿಲ್ಲ. ಒಬ್ಬರು ಬಾಗಿಲಲ್ಲಿ ಕೂತು ಬಿಡಲ್ಲ ಅಂದರೆ ಇನ್ನೊಬ್ಬರಿಗೆ ಹೊರಬರಲು ದಾರಿ ಬೇಕಲ್ಲ. ಕಿಟಕಿ ಬೇಕೆಂದರೆ ಮಗುವನ್ನು ಒಳಗೆ ಕೂರಿಸಿ, ಕಣ್ಣು ಎಲ್ಲಿಗೆ ಬರುತ್ತದೆ ಅಂತ ಸೀಮೆಸುಣ್ಣದಲ್ಲಿ ಗುರುತು ಮಾಡಿ ಕತ್ತರಿಸಿ. ನನ್ನ ಅಂದಾಜಿಗೆ ಕತ್ತರಿಸಿದ ಕಿಟಕಿಯಲ್ಲಿ ಅವರಿಗೆ ಕಂಡದ್ದು ಸೀಲಿಂಗ್ ಮಾತ್ರ. ಬಣ್ಣ, ಚಿತ್ರ ಎಲ್ಲ ಮಕ್ಕಳಿಗೇ ಬಿಡಿ.

ಒಳಗೆ ಬಿಡುವ ಮುಂಚೆ

ಕೋಲಿನ ನಡುವೆ ಎರಡೂ ಕೈ ಇಟ್ಟು ಒತ್ತಿ ನೋಡಿ. ಕಾಲು ಕದಲಬಾರದು. ಹಾಗಂತ ಇದು ಜೋತು ಬೀಳುವ ಕಂಬಿಯಲ್ಲ, ಮಕ್ಕಳಿಗೆ ಮೊದಲೇ ಹೇಳಿಬಿಡಿ. ಮಂಚದ ಪಕ್ಕ ಇಡಬೇಡಿ, ಮೇಲಿನಿಂದ ಹಾರುವ ಆಸೆ ಯಾರಿಗಾದರೂ ಬಂದೇ ಬರುತ್ತದೆ. ಅಲಂಕಾರಕ್ಕೆ ಅಂತ ಉದ್ದನೆಯ ದಾರ, ರಿಬ್ಬನ್ ನೇತುಹಾಕಬೇಡಿ, ಕುತ್ತಿಗೆಗೆ ಸುತ್ತಿಕೊಂಡರೆ ಕಷ್ಟ. ತೀರಾ ಚಿಕ್ಕ ಮಕ್ಕಳನ್ನು ಒಳಗೆ ಒಂಟಿಯಾಗಿ ಬಿಡಬೇಡಿ.

ಬೆಳಕಿನ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಮೇಣದ ಬತ್ತಿ, ಬಿಸಿಯಾಗುವ ಬಲ್ಬು ಎರಡೂ ಬಟ್ಟೆಯ ಹತ್ತಿರ ಬರಕೂಡದು. ಚಿಕ್ಕ ಎಲ್‌ಇಡಿ ದೀಪದ ಸರ ಹಾಕಬಹುದು, ಆದರೆ ಅದರ ಬ್ಯಾಟರಿ ನಾಣ್ಯದಂಥದ್ದಾದರೆ ಡಬ್ಬಿಯ ಮುಚ್ಚಳಕ್ಕೆ ಸ್ಕ್ರೂ ಇದೆಯೇ ನೋಡಿ. ಆ ಗುಂಡಿ ಬ್ಯಾಟರಿಯನ್ನು ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಗಂಭೀರವಾಗಿ ಸುಡಬಹುದು. ನುಂಗಿರಬಹುದು ಅಂತ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಬೇಕು. ಸಾಮಾನ್ಯ ಟಾರ್ಚ್ ಕೊಡುವುದೇ ವಾಸಿ. ಗೋಡೆಯ ಮೇಲೆ ಕೈ ನೆರಳಿನ ಆಟಕ್ಕೂ ಅದೇ ಚೆನ್ನ.

ಮಡಚುವಾಗ ಮೊದಲು ಇಲಾಸ್ಟಿಕ್ ಬಿಡಿಸಿ, ನೆಲದ ಹಾಸು ತೆಗೆಯಿರಿ, ಆಮೇಲೆ ಕಾಲುಗಳನ್ನು ಕೂಡಿಸಿ. ಈ ಕೊನೆಯ ಕೆಲಸ ದೊಡ್ಡವರೇ ಮಾಡಲಿ, ಪಟ್ಟಿಗಳ ನಡುವೆ ಬೆರಳು ಸಿಕ್ಕಿಕೊಳ್ಳುತ್ತದೆ. ಹಾಸನ್ನೂ ಹೊದಿಕೆಯನ್ನೂ ಆಗಾಗ ಒಗೆಯಿರಿ. ಇನ್ನು ನಿಮ್ಮನ್ನೂ ಒಳಗೆ ಕರೆಯುತ್ತಾರೆ, ಮಂಡಿಯೂರಿ ಹೋಗಿ. ಹೊರಗೆ ಬರುವಾಗಲೂ ಪೂರ್ತಿ ಆಚೆ ಬರುವವರೆಗೆ ಮಂಡಿಯ ಮೇಲೆಯೇ ಇರಿ. ಆ ದುಂಡು ಕೋಲು ತಲೆಗೆ ಹೇಗೆ ಬಡಿಯುತ್ತದೆ ಅಂತ ನನಗೆ ಗೊತ್ತು.