ಫೋನ್ ಕೈಗೆ ಕೊಡುವ ಮೊದಲು ಅರ್ಧ ಗಂಟೆ

ಕೊರೊನಾ ಕಾಲದಲ್ಲಿ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದ್ದು ನೆನಪಿದೆಯಲ್ಲ? ಕೊಡೆ ಹಿಡಿದು ಬಂಡೆ ಮೇಲೆ ಕೂತು ಪಾಠ ಕೇಳಿದ್ದರು. ಶಾಲೆ ಮತ್ತೆ ತೆರೆಯಿತು, ಫೋನ್ ಮಾತ್ರ ವಾಪಸ್ ಬರಲಿಲ್ಲ. ಚಿಕ್ಕಮಗಳೂರಿನ ನಮ್ಮ ಮನೆಯಲ್ಲೂ ಅದೇ ಕಥೆ.

ಹೊಸ ಫೋನೋ, ಅಮ್ಮನ ಹಳೇ ಫೋನೋ, ಮಕ್ಕಳಿಗೆ ಕೊಡುವ ಮೊದಲು ಅದನ್ನು ಹಿಡಿದು ಅರ್ಧ ಗಂಟೆ ಕೂತುಕೊಳ್ಳಿ. ಮಗುವೂ ಪಕ್ಕದಲ್ಲಿರಲಿ. ನೀವು ಕದ್ದು ಸೆಟ್ಟಿಂಗ್ ಹಾಕಿದರೆ ಅವರು ಕದ್ದು ತೆಗೆಯುವುದನ್ನು ಕಲಿಯುತ್ತಾರೆ, ಅಷ್ಟೇ.

ಮೊದಲು ವಯಸ್ಸು

ಅಕೌಂಟ್ ತೆರೆಯುವಾಗ ನಿಜವಾದ ಹುಟ್ಟಿದ ದಿನಾಂಕವನ್ನೇ ಹಾಕಿ. ಇನ್‌ಸ್ಟಾಗ್ರಾಂಗೆ ಕನಿಷ್ಠ 13 ವರ್ಷ ಆಗಿರಬೇಕು. 2025ರಿಂದ ಭಾರತದಲ್ಲೂ ಹದಿಹರೆಯದವರಿಗೆ ‘ಟೀನ್ ಅಕೌಂಟ್’ ಬಂದಿದೆ. ಅದು ತಾನಾಗಿಯೇ ಪ್ರೈವೇಟ್ ಆಗಿರುತ್ತದೆ, ಅಪರಿಚಿತರು ಮೆಸೇಜ್ ಕಳಿಸಲು ಬಿಡುವುದಿಲ್ಲ, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ನೋಟಿಫಿಕೇಶನ್ ತಡೆಯುತ್ತದೆ. 16 ತುಂಬದವರು ಇದನ್ನು ಸಡಿಲ ಮಾಡಬೇಕಾದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ಸುಳ್ಳು ವಯಸ್ಸು ಹಾಕಿದಿರೋ, ಇಷ್ಟೂ ಕಾವಲು ಹೋಯಿತು.

ಆಮೇಲೆ ಸೆಟ್ಟಿಂಗ್

ಆಂಡ್ರಾಯ್ಡ್ ಫೋನ್ ಆದರೆ ಪ್ಲೇ ಸ್ಟೋರಿನಿಂದ ‘ಫ್ಯಾಮಿಲಿ ಲಿಂಕ್’ ಹಾಕಿಕೊಳ್ಳಿ. ಮಗುವಿನ ಗೂಗಲ್ ಅಕೌಂಟ್ ಅನ್ನು ಅದರಲ್ಲಿ ಸೇರಿಸಿ. ದಿನಕ್ಕೆ ಎಷ್ಟು ಹೊತ್ತು ಎಂದು ಅಲ್ಲೇ ನಿಗದಿ ಮಾಡಬಹುದು. ಹೊಸ ಆ್ಯಪ್ ಬೇಕೆಂದರೆ ಒಪ್ಪಿಗೆ ಕೇಳುವ ಸಂದೇಶ ನಿಮ್ಮ ಫೋನಿಗೆ ಬರುವಂತೆ ಮಾಡಬಹುದು. ಯುಪಿಐ ಆ್ಯಪ್ ಮಗುವಿನ ಫೋನಿನಲ್ಲಿ ಬೇಡವೇ ಬೇಡ.

ವಾಟ್ಸ್ಆ್ಯಪ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವೆಸಿ, ಗ್ರೂಪ್ಸ್ ಎಂದು ಒತ್ತಿ ‘ಮೈ ಕಾಂಟ್ಯಾಕ್ಟ್ಸ್’ ಆಯ್ಕೆ ಮಾಡಿ. ಇಲ್ಲದಿದ್ದರೆ ಗುರುತಿಲ್ಲದವರೂ ಗ್ರೂಪಿಗೆ ಎಳೆದುಕೊಳ್ಳುತ್ತಾರೆ. ಎರಡು ಹಂತದ ವೆರಿಫಿಕೇಶನ್ ಆನ್ ಮಾಡಿ 6 ಅಂಕಿಯ ಪಿನ್ ಇಡಿ. ಕ್ಯಾಮೆರಾದ ಲೊಕೇಶನ್ ಆಫ್ ಮಾಡಿ.

ಮಗುವಿನ ಮೆಸೇಜ್ ಕದ್ದು ಓದುವ ಆ್ಯಪ್‌ಗಳೂ ಸಿಗುತ್ತವೆ. ನನಗಂತೂ ಅವು ಬೇಡ. ಯಾಕೆ ಅಂತ ಹೇಳುತ್ತೇನೆ.

ಸೆಟ್ಟಿಂಗಿಗೆ ಸಿಗದ ಕೆಲಸ

ನನ್ನ ಮಗ ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಗೇಮ್‌ನಲ್ಲಿ ಯಾರೋ ‘ಫ್ರೀ ಡೈಮಂಡ್ ಕೊಡ್ತೀನಿ’ ಅಂದರು. ಡೈಮಂಡ್ ಅಂದರೆ ಗೇಮಿನೊಳಗೆ ನಡೆಯುವ ದುಡ್ಡು. ಇವನು ಓಟಿಪಿ ಕೊಟ್ಟ. ಅಕೌಂಟ್ ಹೋಯಿತು. ಅದು ಹೋಗಲಿ ಬಿಡಿ. ನಾಲ್ಕು ದಿನ ಯಾರಿಗೂ ಹೇಳದೆ, ಸರಿಯಾಗಿ ಊಟ ಮಾಡದೆ ಇದ್ದನಲ್ಲ, ಅದು ನನ್ನನ್ನು ಚುಚ್ಚಿತು. ಯಾಕೋ ಹೇಳಲಿಲ್ಲ ಎಂದು ಕೇಳಿದೆ. ‘ಇನ್ನೊಂದ್ಸಲ ಏನಾದ್ರೂ ಆದ್ರೆ ಫೋನ್ ಕಿತ್ಕೊಳ್ತೀನಿ ಅಂದಿದ್ಯಲ್ಲಮ್ಮ’ ಅಂದ.

ಆವತ್ತೇ ಮಾತು ಕೊಟ್ಟೆ: ತಪ್ಪು ನಿನ್ನದೇ ಆದರೂ ಬಂದು ಹೇಳು, ಹೇಳಿದ್ದಕ್ಕೆ ಫೋನ್ ಕಿತ್ತುಕೊಳ್ಳುವುದಿಲ್ಲ. ನೀವೂ ಇದೇ ಮಾತು ಕೊಡಿ. ಕದ್ದು ಓದುವ ಅಮ್ಮನ ಹತ್ತಿರ ಯಾವ ಮಗು ತಾನಾಗಿ ಬಂದು ಹೇಳುತ್ತದೆ?

ಇದು ಡೈಮಂಡಿನ ವಿಷಯವಾಯಿತು. ಯಾರಾದರೂ ಮಗುವಿನ ಖಾಸಗಿ ಫೋಟೋ ತರಿಸಿಕೊಂಡು ಹೆದರಿಸುತ್ತಿದ್ದರೆ? ಹಣ ಕಳಿಸಬೇಡಿ. ಕೊಟ್ಟಷ್ಟೂ ಜಾಸ್ತಿ ಕೇಳುತ್ತಾರೆ. ಚಾಟ್ ಅಳಿಸಬೇಡಿ. ಬೆದರಿಕೆಯ ಮೆಸೇಜ್ ಮತ್ತು ಆ ಪ್ರೊಫೈಲಿನ ಹೆಸರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದುಕೊಂಡು, ಆಮೇಲೆ ರಿಪೋರ್ಟ್ ಮಾಡಿ ಬ್ಲಾಕ್ ಮಾಡಿ. ಆ ಫೋಟೋವನ್ನು ಮಾತ್ರ ಸಾಕ್ಷಿಗೆಂದೂ ಯಾರಿಗೂ ಫಾರ್ವರ್ಡ್ ಮಾಡಬೇಡಿ. ಮಕ್ಕಳ ಅಂಥ ಚಿತ್ರ ಹಂಚುವುದೇ ಐಟಿ ಕಾಯ್ದೆಯಲ್ಲಿ ಅಪರಾಧ.

ಮಕ್ಕಳ ಸಹಾಯವಾಣಿ 1098. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಮಕ್ಕಳ ವಿಷಯದ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ಚಿಕ್ಕಮಗಳೂರಿನಲ್ಲೂ ಹಾಸನದಲ್ಲೂ ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆ ಇದೆ. ‘ಊರಲ್ಲಿ ಮಾನ ಹೋಗುತ್ತೆ’ ಎಂದು ಹಿಂಜರಿಯುವವರು ಒಂದು ವಿಷಯ ತಿಳಿದಿರಲಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಗುರುತು ಬಹಿರಂಗ ಮಾಡುವಂತಿಲ್ಲ. ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು, ಬರುವ ಪೊಲೀಸರು ಯೂನಿಫಾರಂನಲ್ಲಿ ಇರಬಾರದು.

ಇನ್ನು ನಮ್ಮ ಸರದಿ

ಶಾಲೆಯ ಬ್ಯಾಡ್ಜ್ ಕಾಣುವ ಫೋಟೋ, ಸ್ಕೂಲ್ ವ್ಯಾನಿನ ನಂಬರ್, ಇವನ್ನೆಲ್ಲ ಹಾಕುವವರು ಯಾರು? ನಾವೇ ಅಲ್ವಾ. ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಹಾಸನಾಂಬೆಯ ದರ್ಶನಕ್ಕೆ ಮನೆಮಂದಿಯೆಲ್ಲ ಹೊರಟು, ಕ್ಯೂನಲ್ಲಿ ನಿಂತೇ ಸ್ಟೇಟಸ್ ಹಾಕುತ್ತೇವೆ. ಮನೆಗೆ ಬೀಗ ಹಾಕಿದೆ ಎಂದು ಡಂಗುರ ಸಾರಿದ ಹಾಗೆ. ವಾಪಸ್ ಬಂದ ಮೇಲೆ ಹಾಕಿದರಾಯಿತು. ಮಗುವಿನ ಫೋಟೋ ಹಾಕುವ ಮೊದಲು ಮಗುವನ್ನೇ ಒಂದು ಮಾತು ಕೇಳಿ. ಆಗ ಟೀಚರ್ ಫೋಟೋಗೆ ಮೀಸೆ ಬರೆದು ಕ್ಲಾಸ್ ಗ್ರೂಪಿಗೆ ಕಳಿಸಬೇಡ ಎಂದು ಹೇಳಲು ನಮಗೂ ಮುಖ ಇರುತ್ತದೆ.

ರಾತ್ರಿ ಒಂಬತ್ತೂವರೆಗೆ ಎಲ್ಲರ ಫೋನೂ ಹಾಲ್‌ನಲ್ಲಿ ಚಾರ್ಜಿಗೆ ಎಂದು ನಮ್ಮ ಮನೆಯಲ್ಲಿ ನಿಯಮ ಮಾಡಿದೆವು. ಮೊದಲ ವಾರ ಹತ್ತು ಗಂಟೆಗೆ ಮೆಲ್ಲಗೆ ಎದ್ದು ಹೋಗಿ ಸಿಕ್ಕಿಬಿದ್ದಿದ್ದು ನಾನೇ.